ಆರು ವರ್ಷ ಹಿಂದಿನ ತಾರೀಖು

ಒದ್ದೆ ಬಟ್ಟೆ ಹಿಂಡಿ ಸರ್ವರ್ ಪೆಟ್ಟಿಗೆಯ ಮೇಲಿನ ಜೋಳದ ಹಿಟ್ಟು ಒರೆಸುತ್ತಿದ್ದೆ. ಸೇಡಂನ ನಮ್ಮ ರೊಟ್ಟಿ ಸಂಘದಲ್ಲಿ ಹಿಟ್ಟು ಕೂರದ ಜಾಗವಿಲ್ಲ. ಆರ್ಡರುಗಳಿಗೆ ಇಮೇಲ್ ಹೋಗುವುದು ಈ ಪೆಟ್ಟಿಗೆಯಿಂದ; ಅದರ ಜೋಪಾನ ನನ್ನ ಪಾಲಿನ ಕೆಲಸ. ಲೆಕ್ಕಪತ್ರ ನೋಡುವ ಉಮಾದೇವಿ ಫೋನು ಕೆಳಗಿಟ್ಟಳು.

"ಸುಂದರಕ್ಕಾ, ಶಹಾಬಾದದ ಕ್ಯಾಂಟೀನಿನವ್ರು ಬೈಲಿಕತ್ತಾರ. ಮೂರು ದಿನ ಆತು, ನಮ್ಮ ಉತ್ತರಾನೇ ಮುಟ್ಟಿಲ್ಲಂತ."

ನನ್ನ ಕೈ ನಿಂತಿತು. ಮೂರು ದಿನದ ಹಿಂದೆ ಇದೇ ಪೆಟ್ಟಿಗೆಯಿಂದ ನಾನೂ ಒಂದು ಪತ್ರ ಕಳಿಸಿದ್ದೆ, ಹೈದರಾಬಾದಿನಲ್ಲಿರುವ ಅಖ್ತರ ಬೇಗಂಗೆ. ರಾತ್ರಿ ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ಕಲಿತವರು ನಾವು. ಹನ್ನೊಂದು ವರ್ಷದ ಹಿಂದೆ, ಪರೀಕ್ಷೆಯಲ್ಲಿ ಇಬ್ಬರ ಉತ್ತರ ಒಂದೇ ಆಗಿದ್ದಾಗ, ಆಕೆ ನನ್ನದನ್ನು ನೋಡಿ ಬರೆದಳೆಂದು ಗುರುಗಳಿಗೆ ಹೇಳಿದೆ. ನೋಡಿ ಬರೆದವಳು ನಾನು. ಮರುದಿನದಿಂದ ಆಕೆ ಶಾಲೆಗೆ ಬರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಇಷ್ಟು ವರ್ಷ ಬೇಕಾಯಿತು. ಪತ್ರ ಓದಿ ತಪ್ಪು ತಿದ್ದಿಕೊಟ್ಟವಳು ಉಮಾ. ಉತ್ತರ ಬಾರದಿದ್ದಾಗ, ಅಖ್ತರಳ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡಿದ್ದೆ.

"ಕುಂದ್ರು ತಂಗಿ, ನೋಡೋಣು," ಎಂದು ಸರ್ವರಿಗೆ ಅಪ್ಪಣೆ ಕೊಡುವ ಕರಿ ಪರದೆ ತೆರೆದೆ.

ಡಿಸ್ಕು ತುಂಬಿದರೆ ಪತ್ರಗಳು ನಿಂತುಬಿಡುತ್ತವೆ. ಹಾಗಾಗಿ ಮೊದಲು df -h ಹೊಡೆದೆ. ಅರ್ಧಕ್ಕಿಂತ ಹೆಚ್ಚು ಖಾಲಿ. ಆಮೇಲೆ, ಹೋಗದೆ ಉಳಿದ ಪತ್ರ ನೋಡಲು, mailq. ಹದಿನಾಲ್ಕು ಪತ್ರ ಸಾಲುಗಟ್ಟಿ ನಿಂತಿದ್ದವು, ಎಲ್ಲಕ್ಕೂ ಮುಂದೆ ಅಖ್ತರಳದು! ಪ್ರತಿಯೊಂದರ ಕೆಳಗೂ ಒಂದೇ ತಕರಾರು: ಎದುರಿನ ಸರ್ವರಿನ ಗುರುತಿನ ಚೀಟಿ ಇನ್ನೂ ಜಾರಿಗೇ ಬಂದಿಲ್ಲ.

"ಅಂದ್ರ? ಮುಂದಿನ ವರ್ಷ ಬರ್ರಿ ಅಂತದೇನು?" ಎಂದಳು ಉಮಾ.

date ಎಂದು ಹೊಡೆದೆ. ಪೆಟ್ಟಿಗೆ ಆರು ವರ್ಷ ಹಿಂದಿನ ತಾರೀಖು ತೋರಿಸಿತು. ಅದರ ಲೆಕ್ಕದಲ್ಲಿ ಎದುರಿನವರ ಚೀಟಿಗಳೆಲ್ಲ ಇನ್ನು ಮುಂದೆ ಹುಟ್ಟಬೇಕಾದವು.

ಆಗ ತಿಳಿಯಿತು. ನಾಲ್ಕು ದಿನದ ಹಿಂದೆ ಅಮಾವಾಸ್ಯೆ. ಅಂದು ನಮ್ಮ ಗಿರಣಿ ನಿಲ್ಲಿಸಿ, ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತೇವೆ. ಇದೂ ದುಡಿಯುವ ಮಷೀನೇ, ಒಂದು ದಿನ ದಣಿವಾರಿಸಿಕೊಳ್ಳಲಿ ಎಂದು ನಾನೇ ಸರ್ವರನ್ನೂ ಆರಿಸಿ ವೈರು ಕಿತ್ತಿದ್ದೆ. ಒಳಗೆ ಗಡಿಯಾರ ನಡೆಸುವ ಪುಟ್ಟ ಸೆಲ್ಲು ಸತ್ತಿರಬೇಕು; ಕರೆಂಟು ಹೋದೊಡನೆ ಗಡಿಯಾರ ದಿನ ಮರೆತಿದೆ.

"ಪೂಜಿ ಮಾಡಿ ಮಲಗಿಸಿದ್ರಿ, ಎಲ್ಲಾ ಮರ್ತು ಎದ್ದದ," ಉಮಾ ನಕ್ಕಳು. ಆಮೇಲೆ ಪರದೆಯತ್ತ ಬಾಗಿದಳು. "ಅಕ್ಕಾ, ನಿಮ್ಮ ಪತ್ರದ ಮ್ಯಾಗೂ ಹಳೇ ತಾರೀಖೇ ಬಿದ್ದದ. ಹಂಗೇ ಹೋಗ್ಲಿ ಬಿಡ್ರಿ. ಆರು ವರ್ಷದ ಹಿಂದೇ ಬರದಿದ್ರಿ, ದಾರ್ಯಾಗ ಸಿಕ್ಕೊಂಡಿತ್ತು ಅಂತ ತಿಳ್ಕೊಳ್ತಾರ."

ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು.

"ಬ್ಯಾಡ ಯವ್ವಾ. ಒಮ್ಮಿ ಆಕೀದು ನೋಡಿ ಬರದು ಆಕೀಗೇ ಕಳ್ಳಿ ಅಂದೀನಿ. ಈಗ ತಾರೀಖೂ ಸುಳ್ಳು ಹಾಕ್ಲೇನು?"

postsuper -d ಹೊಡೆದು ಆ ಒಂದು ಪತ್ರವನ್ನು ಸಾಲಿನಿಂದ ತೆಗೆದೆ. ಗಡಿಯಾರವನ್ನು ಇಂದಿಗೆ ತಂದೆ. ಇನ್ನು ಮುಂದೆ ನೆಟ್ಟಿನಿಂದಲೇ ಹೊತ್ತು ಕೇಳಿಕೊಳ್ಳಲೆಂದು timedatectl set-ntp true ಎಂದೂ ಹೇಳಿದೆ. ಕಡೆಗೆ postqueue -f. ಹದಿಮೂರು ಪತ್ರಗಳು ಒಂದರ ಹಿಂದೊಂದು ಹೊರಟವು.

"ಶಹಾಬಾದದವ್ರು ತಾರೀಖು ನೋಡಿ ನಗ್ತಾರ," ಎಂದಳು ಉಮಾ.

"ನಗ್ಲಿ. ರೊಟ್ಟಿ ಅಷ್ಟು ಹಳೀವಲ್ಲ ಅಂತ ಫೋನ್ ಮಾಡಿ ಹೇಳು."

ಆಕೆ ಫೋನು ಹಿಡಿದಳು. ನಾನು ಅಖ್ತರಳಿಗೆ ಮತ್ತೆ ಬರೆಯಲು ಕೂತೆ. ಮೊದಲಿನ ಮಾತುಗಳೇ. ಕೊನೆಗೆ ಒಂದು ಸಾಲು ಹೆಚ್ಚು: "ಇದನ್ನು ಇವತ್ತೇ ಬರೆದೆ, ಅಖ್ತರ. ನೀನು ಶಾಲೆ ಬಿಟ್ಟ ದಿನವೇ ಬರೆಯಬೇಕಿತ್ತು."

ಕಳಿಸಿ, mailq ಎಂದು ಕೇಳಿದೆ. ಸಾಲು ಖಾಲಿಯಾಗಿತ್ತು.