ನಾರ್ಬರ್ಟ್ ಕಲಿಸಿದ ವೇಗ

ದುಬೈಯ ಮಾಲೊಂದರ ಒಳಗಿನ ಸ್ನೋ ಪಾರ್ಕಿನಲ್ಲಿ ಬಾಡಿಗೆ ಬೂಟು ಕೊಡುವವನು ನಾರ್ಬರ್ಟ್ ಮೊಂತೇರೊ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಫಲಕ. ಆ ಪಾರ್ಕಿನಲ್ಲಿ ಕಲಿತು ಹೊರದೇಶದ ಬೆಟ್ಟಗಳಲ್ಲಿ ಸ್ಪೀಡ್ ಸ್ಕೀಯಿಂಗ್ ಮಾಡಿದವರ ಪೈಕಿ ಎಲ್ಲರಿಗಿಂತ ವೇಗ ಅವನದ್ದೇ ಎಂದು ಅದರಲ್ಲಿ ಬರೆದಿತ್ತು: ಗಂಟೆಗೆ ನೂರ ಎಂಬತ್ತೇಳು ಕಿಲೋಮೀಟರ್.

ಆ ಆಟದಲ್ಲಿ ತಿರುವಿಲ್ಲ, ನೆಗೆತವಿಲ್ಲ. ಕಾಲಿಗೆ ಸ್ಕೀ ಹಲಗೆ ಕಟ್ಟಿ, ಹಿಮದ ಬೆಟ್ಟದ ನೆತ್ತಿಯಿಂದ ಮೈಮುದುಡಿಕೊಂಡು ನೆಟ್ಟಗೆ ಇಳಿಯುವುದು, ಅಷ್ಟೇ. ಲೋಕದ ದಾಖಲೆಯವರು ಇನ್ನೂರೈವತ್ತು ದಾಟಿದ್ದಾರೆ. ಅವರ ಮುಂದೆ ತನ್ನದು ಏನೂ ಅಲ್ಲವೆಂದು ನಾರ್ಬರ್ಟನಿಗೆ ಗೊತ್ತಿತ್ತು. ಆದರೆ ಕಿನ್ನಿಗೋಳಿಯಿಂದ ಹೋಟೆಲಿನ ಪಾತ್ರೆ ತೊಳೆಯಲು ಬಂದವನಿಗೆ ಅದು ದೊಡ್ಡದೇ. ಮರುವರ್ಷ, ಆ ವೇಗ ಮುಟ್ಟಿದ್ದ ಫ್ರಾನ್ಸಿನ ಅದೇ ಇಳಿಜಾರಿನಲ್ಲಿ ಬಿದ್ದ ಮೇಲೆ ಅವನು ಮತ್ತೆ ಸ್ಕೀ ಕಟ್ಟಲಿಲ್ಲ.

ದೀಪ್ತಿ ಆ ಪಾರ್ಕಿನಲ್ಲಿ ಮಕ್ಕಳಿಗೆ ಸ್ಕೀಯಿಂಗ್ ಕಲಿಸುತ್ತಿದ್ದ ಉಡುಪಿಯವರ ಹುಡುಗಿ. ತಾಯಿ ಅಲ್ ಐನ್‌ನಲ್ಲಿ ಟೀಚರು. ಮೂರು ವರ್ಷ ನಾರ್ಬರ್ಟ್ ಅವಳನ್ನು ತಿದ್ದಿದ: ಮೊಣಕೈ ಎಲ್ಲಿರಬೇಕು, ಉಸಿರು ಯಾವಾಗ ಬಿಡಬೇಕು, ತಲೆ ಏಕೆ ಎತ್ತಬಾರದು. ಹೋದ ವರ್ಷ ಅವಳು ಫ್ರಾನ್ಸಿನಲ್ಲಿ ನೂರ ಎಂಬತ್ತೊಂದು ಮುಟ್ಟಿದಳು. ಈ ಸಲ ನಾರ್ಬರ್ಟನ ವೇಗ ದಾಟುವುದು ಖಂಡಿತ ಎಂದು ಮ್ಯಾನೇಜರ್ ಸಫ್ವಾನ್ ಹೊಸ ಫಲಕಕ್ಕೆ ಅಳತೆ ತೆಗೆಸಿದ. ಹಳೆಯದು ನಿಮಗೆ ಬೇಕಾ ಎಂದು ನಾರ್ಬರ್ಟನನ್ನೇ ಕೇಳಿದ. ಬೇಡ ಎಂದ ನಾರ್ಬರ್ಟ್.

ಅವಳು ಫ್ರಾನ್ಸಿಗೆ ಹೊರಡುವ ಹಿಂದಿನ ದಿನ, ನಾರ್ಬರ್ಟ್ ಅವಳನ್ನು ಬೂಟು ಒಣಗಿಸುವ ಕೋಣೆಗೆ ಕರೆದು ಬಾಗಿಲು ಹಾಕಿ ಅಂಗಿ ಬಿಚ್ಚಿ ಬೆನ್ನು ತಿರುಗಿಸಿದ. ಭುಜದಿಂದ ಸೊಂಟದವರೆಗೆ ಚರ್ಮ ಕರಗಿ ಹೆಪ್ಪುಗಟ್ಟಿದ ಮೇಣದ ಹಾಗಿತ್ತು.

"ಮುಟ್ಟಿ ನೋಡು," ಎಂದ.

ಅವಳು ಮುಟ್ಟಿದಳು. ಆ ವೇಗದಲ್ಲಿ ಹಿಮ ಹಿಮವಾಗಿರುವುದಿಲ್ಲ, ಸಾಣೆಕಲ್ಲಾಗುತ್ತದೆ ಎಂದು ಅವನು ಹೇಳಿದ. ಉಜ್ಜಿದ ಬಿಸಿಗೆ ರಬ್ಬರಿನ ಸೂಟು ಕರಗಿ ಮೈಗೆ ಅಂಟಿಕೊಂಡದ್ದು, ಆಸ್ಪತ್ರೆಯಲ್ಲಿ ಅದನ್ನು ಚೂರು ಚೂರಾಗಿ ಕಿತ್ತದ್ದು, ಕಿತ್ತಾಗ ಜೊತೆಗೆ ಬಂದದ್ದು, ಎಲ್ಲವನ್ನೂ ನಿಧಾನವಾಗಿ ಹೇಳಿದ. ಸಾಕು ಅಂಕಲ್ ಎಂದಳು. ಅವನು ವಾಸನೆಯ ವಿಷಯಕ್ಕೆ ಬಂದ. ಹೇಳುತ್ತಿರುವಾಗಲೇ ಅವನಿಗೆ ತಿಳಿದಿತ್ತು, ಮೂರು ವರ್ಷ ತಾನು ಕಟ್ಟಿದ್ದನ್ನು ತಾನೇ ಕೆಡವುತ್ತಿದ್ದೇನೆಂದು. ನಿಲ್ಲಿಸಲಿಲ್ಲ. ಕೊನೆಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ನೀನು ಹೆದರಬೇಡ, ಆಯ್ತಾ," ಎಂದ.

ಸ್ಪರ್ಧೆಯನ್ನು ಅವನು ಕೌಂಟರಿನಲ್ಲೇ ಮೊಬೈಲಿನಲ್ಲಿ ನೋಡಿದ. ಕೆಂಪು ಸೂಟಿನ ದೀಪ್ತಿ ಕಲ್ಲು ಜಾರಿದಂತೆ ಇಳಿದಳು. ವೇಗ ಅಳೆಯುವ ಗೆರೆ ಇನ್ನೂ ದೂರವಿದ್ದಾಗಲೇ ಅವಳ ಮೈ ನೆಟ್ಟಗಾಯಿತು, ಗಾಳಿಗೆ ತಡೆಯೊಡ್ಡುವಂತೆ ಕೈಗಳು ಅಗಲವಾದವು. ನೂರ ಅರವತ್ತನಾಲ್ಕು. ಎರಡನೇ ಸುತ್ತಿಗೆ ಅವಳು ಬರಲೇ ಇಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಬಹುದೆಂದು ನಾರ್ಬರ್ಟ್ ಸ್ವಲ್ಪ ಹೊತ್ತು ಕಾದ. ಆಗಲಿಲ್ಲ. ಬಹಳ ದಿನದ ಮೇಲೆ ಅವನಿಗೆ ಚೆನ್ನಾಗಿ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟು ಬಿರಿಯಾನಿ ತಿಂದ.

ವಾರದ ಬಳಿಕ ದೀಪ್ತಿ ಯೂನಿಫಾರ್ಮ್ ಹಿಂತಿರುಗಿಸಲು ಬಂದಳು. ಇನ್ನು ಸ್ಕೀಯಿಂಗ್ ಬೇಡ, ಅಮ್ಮನ ಜೊತೆ ಇರುತ್ತೇನೆ ಎಂದಳು. ಅವಳ ಮುಖ ಇಳಿದಿತ್ತು.

"ಅಲ್ಲಿ ಮೇಲೆ ನಿಂತಾಗ ನಿಮ್ಮ ಬೆನ್ನೇ ಕಾಣ್ತಾ ಇತ್ತು ಅಂಕಲ್. ನೀವು ಯಾಕೆ ತೋರಿಸಿದ್ದು ಅಂತ ಮೊದಲು ಸಿಟ್ಟು ಬಂತು. ಆಮೇಲೆ ಅಮ್ಮ ಹೇಳಿದ್ರು, ಅವರು ನಿನ್ನ ಜೀವ ಉಳಿಸ್ಲಿಕ್ಕೆ ತೋರಿಸಿದ್ದು ಅಂತ. ಹೌದಲ್ವಾ?"

ಅವಳಿಗೆ ಆ ಒಂದು ಮಾತು ಬೇಕಿತ್ತು. ಅದಿಲ್ಲದೆ ಅವಳು ಅಲ್ಲಿಂದ ಕದಲುವ ಹಾಗಿರಲಿಲ್ಲ.

"ಮತ್ತಿನ್ಯಾಕೆ ಮಗಳೇ?" ಎಂದ ನಾರ್ಬರ್ಟ್.

ಅವಳು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಅವನು ಹಿಡಿಯಲು ಬಿಟ್ಟ. ಕಣ್ಣೊರೆಸಿಕೊಂಡು ಅವಳು ಹೇಳಿದಳು: ತನ್ನ ಜಾಗಕ್ಕೆ ಬಂದಿರುವ ಶ್ರವಣನಿಗೂ ಬೆಟ್ಟಕ್ಕೆ ಹೋಗುವ ಆಸೆ, ತುಂಬ ಚುರುಕಿನವನು, ನೀವೇ ನೋಡಿಕೊಳ್ಳಬೇಕು.

"ಆಗ್ಲಿ," ಎಂದ ನಾರ್ಬರ್ಟ್. "ನಾಳೆಯಿಂದ ಬರ್ಲಿಕ್ಕೆ ಹೇಳು."