ಧರೆಯೊಳಗಿನ ಬೆಳ್ಳಿ

ವನಗೂರಿನ ಎಸ್ಟೇಟಿನಲ್ಲಿ ಹೊಸ ರಸ್ತೆಗೆಂದು ಜೆಸಿಬಿ ಗುಡ್ಡ ಕಡಿದು ನಿಲ್ಲಿಸಿದ್ದ ಧರೆಯ ಬುಡದಲ್ಲಿ ಕೂಲಿಯಾಳು ಧರ್ಮನಿಗೆ ಒಂದು ಬೆಳ್ಳಿ ನಾಣ್ಯ ಸಿಕ್ಕಿತು. ಅದರ ಮೇಲೆ ಶಿಲುಬೆಯಿತ್ತು. ಹೆಂಡತಿ ಈರಮ್ಮನ ಒತ್ತಾಯಕ್ಕೆ ಅದನ್ನು ತೋಟದ ಮಾಲೀಕ ಸಿಮೋನ್ ಕೈಗೆ ಕೊಟ್ಟ.

ಮಂಗಳೂರು ಕಡೆಯ ಮನೆತನದ ಸಿಮೋನ್ ಅದನ್ನು ಬೆಳಕಿಗೆ ಹಿಡಿದರು.

"ಪೋರ್ಚುಗೀಸರದ್ದು ಕಣೋ. ಗೋವಾದಲ್ಲಿ ಅಚ್ಚು ಹಾಕಿದ್ದು. ನಮ್ಮ ಮೆಣಸು ಎತ್ತಿನ ಮೇಲೆ ಘಟ್ಟ ಇಳಿದು ಅವರ ಹಡಗು ಹತ್ತುತ್ತಿತ್ತು, ಬದಲಿಗೆ ಇಂಥ ಬೆಳ್ಳಿ ಮೇಲಕ್ಕೆ ಬರ್ತಿತ್ತು. ಯಾರೋ ವ್ಯಾಪಾರಿ ಹೂತಿಟ್ಟಿರಬೇಕು. ಸರ್ಕಾರಕ್ಕೆ ಒಪ್ಪಿಸೋಣ."

ಹೂತಿಟ್ಟಿರಬೇಕು ಎಂಬ ಮಾತು ಧರ್ಮನ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಈರಮ್ಮನೆದುರು ಅದನ್ನೇ ಎತ್ತಿದ.

"ಒಂದೇ ಒಂದನ್ನ ಯಾರಾದ್ರೂ ಹೂತಿಡ್ತಾರೇನೇ? ಗಡಿಗೆನೇ ಐತೆ ಅಲ್ಲಿ."

"ಮಳೆ ಕುಡ್ದು ಮೆತ್ತಗಾಗ್ಬುಟ್ಟೈತೆ ಆ ಧರೆ. ಬ್ಯಾಡ ಕಣ್ರೀ."

ಭಾನುವಾರ ಸಿಮೋನ್ ಮನೆಯವರು ಚರ್ಚಿಗೆ ಹೋದದ್ದೇ ತಡ, ಧರ್ಮ ಗುದ್ದಲಿ ಹಿಡಿದು ಹೊರಟ. ಬೈಯುತ್ತಲೇ ಹಿಂದೆ ಹೋದ ಈರಮ್ಮ ಸ್ವಲ್ಪ ಹೊತ್ತಿಗೆ ತಾನೂ ಮಣ್ಣು ಹೊರತೊಡಗಿದಳು. ಎಸ್ಟೇಟು ಕೂಲಿಯವರಿಗೆ ಕೊಟ್ಟ ಲೈನ್ ಮನೆ ಬಿಟ್ಟು ಸ್ವಂತದ್ದೊಂದು ಸೂರು ಕಟ್ಟುವ ಆಸೆ ಅವಳಿಗೂ ಇತ್ತು. ಬುಟ್ಟಿ ಸುರಿದು ತಿರುಗುವಷ್ಟರಲ್ಲಿ ಭೂಮಿ ನರಳಿದಂತೆ ಸದ್ದಾಯಿತು. ಗಂಡ ನಿಂತಿದ್ದ ಜಾಗದಲ್ಲಿ ಬರೀ ಕೆಂಪು ಮಣ್ಣಿತ್ತು. ಉಗುರು ಕಿತ್ತು ಬರುವಂತೆ ಕೆರೆದಳು, ಕೂಗಿದಳು. ಲೈನಿನವರು ಓಡಿಬಂದು ಹೊರಗೆಳೆಯುವಾಗ ಉಸಿರು ನಿಂತಿತ್ತು.

ಹೆಣ ತೊಳೆಯುವಾಗ ಲುಂಗಿಯ ಮಡಿಕೆಯಿಂದ ಇನ್ನೊಂದು ನಾಣ್ಯ ಉದುರಿತು. ಅದರ ಮೇಲೂ ಶಿಲುಬೆ. ಯಾವಾಗ ಸಿಕ್ಕಿತ್ತೋ, ಅವಳಿಗೆ ಹೇಳಿರಲಿಲ್ಲ. ಪಕ್ಕದ ಮನೆಯ ತಾಯಮ್ಮ ಹಣೆಗೆ ಅಂಟಿಸಲು ಕಾಸು ಕೇಳಿದಾಗ ಈರಮ್ಮ ಅದನ್ನೇ ಕೊಟ್ಟಳು. ಗುಂಡಿಗಿಳಿಸುವ ಮುಂಚೆ ಹಿರಿಯ ಕೆಂಚಯ್ಯ ಅದನ್ನು ತೆಗೆಯಹೋದ.

"ಬುಟ್ಬುಡಿ. ಅವ್ರ ಜೊತೆಗೇ ಹೋಗ್ಲಿ," ಎಂದಳು.

ನಾಲ್ಕಾರು ದಿನ ಕಳೆದು ಹಾಸನದಿಂದ ಅಧಿಕಾರಿಗಳು ಬಂದು ಸಿಮೋನ್ ಕೊಟ್ಟ ನಾಣ್ಯ ತೆಗೆದುಕೊಂಡರು, ಈರಮ್ಮನನ್ನೂ ವಿಚಾರಿಸಿದರು.

"ಬೇರೆ ಏನಾದ್ರೂ ಸಿಕ್ಕಿತ್ತೇನಮ್ಮ?"

"ಇಲ್ಲ ಸ್ವಾಮಿ."

ಮಣ್ಣಿಗೆ ಬಂದಾಗ ಹಣೆಯ ಮೇಲಿನ ನಾಣ್ಯ ನೋಡಿದ್ದ ಸಿಮೋನ್ ಅಧಿಕಾರಿಗಳನ್ನು ಅಲ್ಲಿಂದ ಕರೆದುಕೊಂಡು ಹೊರಟರು. ಆ ಧರೆ ಕಡಿಸಿದ್ದು ಸಿಮೋನರೇ.

ಈರಮ್ಮ ಮತ್ತೆ ಕೆಲಸಕ್ಕೆ ಹೊರಟ ದಿನ ಬೆಳಗ್ಗೆ, ಎದುರು ಲೈನಿನ ಜವರಪ್ಪ ಗುದ್ದಲಿ ಹೊತ್ತು ಧರೆಯ ಕಡೆ ನಡೆದಿದ್ದ. ಅವಳು ಅಡ್ಡ ನಿಂತು ಗುದ್ದಲಿಯ ಕಾವು ಹಿಡಿದಳು.

"ನಿನ್ನ ಹೆಂಡ್ತಿ ಮುಖ ನೋಡ್ಕಂಡು ಬಂದಿದೀಯೇನೋ?"

"ಸುಮ್ನೆ ನೋಡ್ಕಂಡು ಬತ್ತೀನಿ ಬುಡಕ್ಕ," ಎಂದು ಅವಳ ಕೈ ಬಿಡಿಸಿಕೊಂಡು ಅವನು ಇಳಿದುಹೋದ.