ಕ್ಲೀವ್‌ನ ನಾಲಿಗೆಗೆ ಹಿಡಿಸುವ ಹೊಗೆಸೊಪ್ಪು

ಕ್ಲೀವ್ ಒಂದು ದಮ್ಮು ಎಳೆದ. ಕಣ್ಣು ಮುಚ್ಚಿದ. ಆಮೇಲೆ ಹರಳೆಣ್ಣೆ ಕುಡಿಸಿಕೊಂಡ ಮಗುವಿನ ಹಾಗೆ ಮುಖ ಹಿಂಡಿ ವೇಪನ್ನು, ಆ ಬ್ಯಾಟರಿ ಸಿಗರೇಟನ್ನು, ಮೇಜಿನ ಮೇಲೆ ಕುಕ್ಕಿದ.

"ಇದು ಹೊಗೆಸೊಪ್ಪಲ್ಲ ಕಣೇ. ಮಿಠಾಯಿ."

ಎಸೆನ್ಸ್ ಅಳೆಯುವ ಸಿರಿಂಜು ಹಿಡಿದು ನಿಂತಿದ್ದ ವರ್ನೆಲ್ ಗಂಡನ ಮುಖವನ್ನೇ ನೋಡಿದಳು. "ಎಸೆನ್ಸ್ ಬಾಟಲಿ ಮೇಲೆ ಕೆಂಟಕಿ ಹೊಗೆಸೊಪ್ಪು ಅಂತ ಬರೆದಿದೆ."

"ಬರೆದವನು ಕೆಂಟಕಿನೂ ನೋಡಿಲ್ಲ, ಹೊಗೆಸೊಪ್ಪೂ ನೋಡಿಲ್ಲ."

"ಹೋದ ವಾರ ಮಾಡಿಕೊಟ್ಟಿದ್ದು?"

"ಅದು ಮಳೆಯಲ್ಲಿ ನೆಂದ ನಾಯಿ."

"ಅದಕ್ಕಿಂತ ಮುಂಚಿನದು?"

"ಸತ್ತವರ ಮನೆ ಬೀರು. ಬಾಗಿಲು ತೆಗೆದ ಹಾಗಿತ್ತು."

"ನಿನ್ನ ನಾಲಿಗೆಗಿಷ್ಟು ಬೆಂಕಿ ಹಾಕ," ಎಂದು ವರ್ನೆಲ್ ಸಿರಿಂಜನ್ನು ಸಿಂಕಿಗೆ ಎಸೆದಳು.

ಅವಳ ಅಡುಗೆಮನೆ ಅಡುಗೆಮನೆಯಾಗಿ ಉಳಿದಿರಲಿಲ್ಲ. ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಬಾಣಲೆ ಇರಬೇಕಾದ ಜಾಗದಲ್ಲಿ ಗ್ಲಿಸರಿನ್ ಡಬ್ಬ, ಎಸೆನ್ಸ್ ಕರಗಿಸುವ ತೆಳು ದ್ರವದ ಬಾಟಲಿ ಕೂತಿದ್ದವು. ಮಸಾಲೆ ಸಾಲಿನಲ್ಲಿ ಪುಟ್ಟ ಪುಟ್ಟ ಎಸೆನ್ಸ್ ಬಾಟಲಿಗಳು. ವರ್ಜೀನಿಯಾ ಅಂತ ಒಂದು, ಟರ್ಕಿ ಅಂತ ಒಂದು, ಕ್ಯೂಬಾ ಚುಟ್ಟಾ ಅಂತ ಇನ್ನೊಂದು. ಹೆಸರು ನೋಡಿದರೆ ಪ್ರಪಂಚ ಸುತ್ತಿದ ಹಾಗೆ, ಮೂಸಿದರೆ ಎಲ್ಲವೂ ಒಂದೇ ಬೇಕರಿಯಿಂದ ಬಂದ ಹಾಗೆ. ನಿಕೋಟಿನ್ ಬಾಟಲಿಯನ್ನು ಮೊಮ್ಮಕ್ಕಳ ಕೈಗೆ ಸಿಗಬಾರದೆಂದು ಮೇಲಿನ ಕಪಾಟಿನಲ್ಲಿ ಬೀಗ ಹಾಕಿಟ್ಟು, ಪ್ರತಿ ಸಲ ಕುರ್ಚಿ ಹತ್ತಿ ಇಳಿಯಬೇಕಾಗಿತ್ತು. ಅವಳ ಮಂಡಿಗೂ ವಯಸ್ಸಾಗಿತ್ತು ಎಂಬುದು ಆ ಮನೆಯಲ್ಲಿ ಯಾರ ಲೆಕ್ಕಕ್ಕೂ ಇರಲಿಲ್ಲ.

ಇಷ್ಟೆಲ್ಲ ಕ್ಲೀವ್‌ನ ಎಡಗಾಲಿಗಾಗಿ. ಆ ಕಾಲಿನ ರಕ್ತನಾಳ ಕಟ್ಟಿಕೊಂಡಿತ್ತು; ಹೆಬ್ಬೆರಳು ಆಗಲೇ ನೇರಳೆ ಬಣ್ಣಕ್ಕೆ ತಿರುಗಿತ್ತು. ಡರಮ್ ಊರಿನ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಸರ್ಜನಮ್ಮ ಸುತ್ತು ಬಳಸದೆ ಹೇಳಿದ್ದಳು: ಹೊಸ ನಾಳ ಜೋಡಿಸುತ್ತೇನೆ, ಆದರೆ ಸಿಗರೇಟು ಸೇದಿದರೆ ಅದೂ ಕಟ್ಟಿಕೊಳ್ಳುತ್ತದೆ, ಆಮೇಲೆ ಮಂಡಿಯ ಕೆಳಗೆ ಕತ್ತರಿಸುವುದೇ. ಆಪರೇಷನ್ನಿನ ದಿನ ಗೊತ್ತು ಮಾಡುವ ಮೊದಲು ಒಂದು ಯಂತ್ರಕ್ಕೆ ಊದಿಸುತ್ತೇವೆ. ಉಸಿರಿನಲ್ಲಿ ಹೊಗೆಯ ವಿಷ ಕಂಡರೆ ಮನೆಗೆ ಕಳಿಸುತ್ತೇವೆ. ಬಿಡಲಾಗದಿದ್ದರೆ ಸದ್ಯಕ್ಕೆ ವೇಪ್ ಇಟ್ಟುಕೊಳ್ಳಿ, ಆ ಯಂತ್ರ ಹಿಡಿಯುವುದು ಸುಟ್ಟದ್ದನ್ನು ಮಾತ್ರ, ಎಂದೂ ಹೇಳಿದ್ದಳು.

ಅಂಗಡಿಯಲ್ಲಿ ಸಿಗುವ ವೇಪುಗಳೆಲ್ಲ ಮಾವು, ಕಲ್ಲಂಗಡಿ. "ನಾನೇನು ಸ್ಕೂಲು ಹುಡುಗಿಯಾ?" ಎಂದಿದ್ದ ಕ್ಲೀವ್. ಆಗ ಮನೆಯಲ್ಲೇ ಬೆರೆಸುವುದನ್ನು ಕಲಿಸಿಕೊಟ್ಟವಳು ಪಕ್ಕದ ಮನೆಯ ಹ್ಯಾಟಿ. ಚರ್ಚಿನಲ್ಲಿ ಬಿಳಿ ಕೈಗವಸು ಹಾಕಿಕೊಂಡು ಜನರನ್ನು ಕೂರಿಸುವ, ಎಲ್ಲರನ್ನೂ ಸಿಸ್ಟರ್, ಬ್ರದರ್ ಎಂದೇ ಕರೆಯುವ ಭಕ್ತೆ. ತಾನೇ ಬೆರೆಸಿದ್ದನ್ನು ಎಳೆದೆಳೆದು ಸಿಗರೇಟು ಬಿಟ್ಟವಳು. "ಸಿಸ್ಟರ್ ವರ್ನೆಲ್, ಬೆರೆಸಿದ ತಕ್ಷಣ ಕೊಡಬೇಡ ಅವನಿಗೆ. ಉಪ್ಪಿನಕಾಯಿ ಹಾಗೆ ಕತ್ತಲಲ್ಲಿ ಇಟ್ಟು ಹದಕ್ಕೆ ಬರಬೇಕು" ಎಂದು ಹೇಳಿದ್ದಳು. ಆದರೆ ಕ್ಲೀವ್ ಬಾಟಲಿ ಅಲುಗಾಡಿಸುವ ಸದ್ದು ಕೇಳಿದರೆ ಸಾಕು, ಕುಂಟಿಕೊಂಡು ಅಡುಗೆಮನೆಗೆ ಬಂದು ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿಂದ ಬೈಗುಳವೇ ಬರುತ್ತಿತ್ತು.

ಅವನ ಸೊಕ್ಕಿಗೆ ಒಂದು ಕಾರಣವಿತ್ತು. ಊರ ನಡುವಿನ ಸಿಗರೇಟು ಕಾರ್ಖಾನೆಯಲ್ಲಿ ಇಬ್ಬರೂ ದುಡಿದವರು. ವರ್ನೆಲ್ ಎಲೆಯ ನಡುನಾರು ತೆಗೆಯುವ ಮಹಡಿಯಲ್ಲಿ, ಕ್ಲೀವ್ ಎಲೆ ಹದ ಮಾಡುವ ಕೋಣೆಯಲ್ಲಿ. ಬಣ್ಣ ನೋಡಿ ಕೆಲಸ ಹಂಚಬಾರದೆಂದು ಕಾನೂನು ಬದಲಾಯಿತೆಂದು ಗೋಡೆಗೆ ಕಾಗದ ಅಂಟಿಸಿದ ಮೇಲೂ ಬಹಳ ಕಾಲ ತಣ್ಣಗಿನ ಯಂತ್ರದ ಮಹಡಿ ಬಿಳಿಯರದ್ದು, ಧೂಳು ಮತ್ತು ಕುದಿಹಬೆ ಇವರಂಥ ಕರಿಯರದ್ದು. ಸಂಬಳದ ಲಕೋಟೆಯ ಜೊತೆಗೆ ವಾರ ವಾರ ಪುಕ್ಕಟೆ ಸಿಗರೇಟು ಸಿಗುತ್ತಿತ್ತು. ಜನ ಅದನ್ನು ಧಣಿಯ ಔದಾರ್ಯ ಅಂದುಕೊಂಡರು. ಕೊಟ್ಟವರಿಗೆ ಗೊತ್ತಿತ್ತು, ಬೀಜಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ, ಬೆಳೆಗೆ ಕಟ್ಟುತ್ತಾರೆ ಅಂತ. ಬಾಗಿಲು ಮುಚ್ಚಿದ ದಿನವೂ ಕೈಗೆ ಕೊಟ್ಟದ್ದು ಅದನ್ನೇ: ಚಿನ್ನದ ಅಕ್ಷರದಲ್ಲಿ ವಂದನೆ ಅಚ್ಚು ಹಾಕಿದ ಒಂದೊಂದು ಕಾರ್ಟನ್. ಈಗ ಆ ಕಟ್ಟಡದಲ್ಲಿ ಶ್ರೀಮಂತರ ಫ್ಲ್ಯಾಟುಗಳಿವೆ. ಇಟ್ಟಿಗೆಯಲ್ಲಿ ಇನ್ನೂ ಸಿಹಿ ವಾಸನೆ ಇದೆಯೆಂದು ಬಾಡಿಗೆಯವರು ಖುಷಿಪಡುತ್ತಾರಂತೆ. ಅದೇ ವಾಸನೆ ಯಾರ ಯಾರ ಶ್ವಾಸಕೋಶದಲ್ಲಿದೆ ಎಂದು ಕೇಳಲು ಯಾರಿಗೂ ಪುರುಸೊತ್ತಿಲ್ಲ.

ಕ್ಲೀವ್‌ಗೆ ಬೇಕಾಗಿದ್ದುದು ಆ ಕಾರ್ಖಾನೆಯ ಸಿಗರೇಟಿನ ರುಚಿ. ಅದೇ. ಬೇರೆ ಯಾವುದೂ ಅಲ್ಲ.

"ಹಾಗಾದ್ರೆ ಅದನ್ನೇ ನೆನೆಹಾಕು," ಎಂದಳು ಹ್ಯಾಟಿ, ಬೇಲಿಯ ಆಚೆಯಿಂದ. "ಎಸೆನ್ಸ್ ಮಾಡೋ ಕಳ್ಳರನ್ನ ಯಾಕೆ ನಂಬ್ತೀಯ? ನಿಜವಾದ ಹೊಗೆಸೊಪ್ಪನ್ನೇ ಆ ತೆಳು ದ್ರವದಲ್ಲಿ ಮುಳುಗಿಸಿ ಬೆಚ್ಚಗಿಡು. ಆಮೇಲೆ ಕಾಫಿ ಸೋಸೋ ಕಾಗದದಲ್ಲಿ ಸೋಸು. ಸಾರ ಎಲ್ಲ ಇಳಿಯತ್ತೆ."

"ಆ ಸಿಗರೇಟು ಈಗೆಲ್ಲಿ ಸಿಗತ್ತೆ ಸಿಸ್ಟರ್?"

ಹ್ಯಾಟಿ ನಕ್ಕಳು. "ನಿನ್ನ ಡೀಪ್ ಫ್ರೀಜರಲ್ಲಿ ಸೊಪ್ಪಿನ ಕೆಳಗೆ ಏನಿದೆ ಅಂತ ಈ ಬೀದಿಗೇ ಗೊತ್ತು."

ಅಲ್ಲಿದ್ದದ್ದು ಕ್ಲೀವ್‌ನ ಕೊನೆಯ ದಿನದ ಕಾರ್ಟನ್. ಹಾಳಾಗದಿರಲೆಂದು ಅವನು ಅದನ್ನು ಹಂದಿಯ ಕತ್ತಿನ ಮೂಳೆ, ಕೊಲಾರ್ಡ್ ಸೊಪ್ಪಿನ ಪೊಟ್ಟಣಗಳ ಅಡಿಯಲ್ಲಿ ಹುಗಿದಿಟ್ಟಿದ್ದ. ಸಿಗರೇಟಿಗೆ ಪರದಾಡಿದ ದಿನಗಳಲ್ಲೂ ಅದರ ಸೀಲು ಒಡೆದಿರಲಿಲ್ಲ. ಎಸೆಯಲು ಹೋದಾಗೆಲ್ಲ ಜಗಳವಾಗಿತ್ತು. ಈಗ ವರ್ನೆಲ್ ಅದನ್ನು ಮೇಜಿನ ಮೇಲೆ ತಂದಿಟ್ಟು ವಿಷಯ ಹೇಳಿದಾಗ ಅವನು ಅದನ್ನು ತನ್ನ ಕಡೆಗೆ ಎಳೆದುಕೊಂಡ. ಬಟ್ಟೆಯಿಂದ ಮಂಜು ಒರೆಸಿದ.

"ನಾನೇ ಒಡೀತೀನಿ," ಎಂದ.

"ಒಡಿ. ಒಂದನ್ನ ಕಿವಿ ಹಿಂದೆ ಸಿಕ್ಕಿಸಿಕೊಂಡ್ಯೋ, ನಿನ್ನ ಕಿವಿನೂ ಆ ಡಬ್ಬಕ್ಕೇ ಹೋಗತ್ತೆ."

ಒಂದೊಂದೇ ಸಿಗರೇಟಿನ ಕಾಗದ ಸೀಳಿ ಸೊಪ್ಪನ್ನು ಗಾಜಿನ ಜಾಡಿಗೆ ಉದುರಿಸಿ, ಮುಳುಗುವಷ್ಟು ತೆಳು ದ್ರವ ಸುರಿದರು. ಇಬ್ಬರ ಬೆರಳೂ ಮರೆತಿರಲಿಲ್ಲ. ಜಾಡಿ ಬಿಸಿನೀರಿನ ಪಾತ್ರೆಯಲ್ಲಿ ಕೂತಿತು, ಮತ್ತೆ ಕಪಾಟಿಗೆ ಹೋಯಿತು, ಮತ್ತೆ ಬಿಸಿನೀರಿಗೆ ಬಂತು. ಈ ಸಲ ವರ್ನೆಲ್ ಅವನನ್ನು ಹತ್ತಿರ ಸೇರಿಸಲಿಲ್ಲ. ಸೋಸಿದಾಗ ಕಾಕಂಬಿಯಂಥ ಕಡುಕಂದು ಸಾರ ತೊಟ್ಟು ತೊಟ್ಟಾಗಿ ಇಳಿಯಿತು; ಸೋಸಲು ಇಡೀ ಮಧ್ಯಾಹ್ನ ಹಿಡಿಯಿತು, ಅಷ್ಟು ಹೊತ್ತೂ ಕ್ಲೀವ್ ಬಾಗಿಲಲ್ಲಿ ನಿಂತು "ಆಯ್ತಾ? ಆಯ್ತಾ?" ಎಂದು ಅವಳ ಪ್ರಾಣ ತಿಂದ. ಗ್ಲಿಸರಿನ್ ಬೆರೆಸಿ, ಹದಕ್ಕೆ ಬಿಟ್ಟು, ಕಡೆಗೂ ಒಂದು ಭಾನುವಾರ ಚರ್ಚಿನಿಂದ ಬಂದ ಮೇಲೆ ವೇಪಿಗೆ ತುಂಬಿ ಅವನ ಕೈಗಿತ್ತಳು. ಹ್ಯಾಟಿಯೂ ಟೋಪಿ ತೆಗೆಯದೆ ಬಂದು ಕೂತಿದ್ದಳು.

ಕ್ಲೀವ್ ಎಳೆದ. ಒಳಗೆ ಹಿಡಿದ. ಮೂಗಿನಿಂದ ಬಿಟ್ಟ.

"ಏನು?" ಎಂದಳು ವರ್ನೆಲ್.

ಅವನು ಇನ್ನೊಮ್ಮೆ ಎಳೆದ.

"ಹೇಳೋ ಮಾರಾಯ!"

"ಮಿಠಾಯಿ," ಎಂದ.

ಹ್ಯಾಟಿ ಬಾಯಿಗೆ ಕೈಗವಸು ಅಡ್ಡ ಹಿಡಿದಳು. ವರ್ನೆಲ್ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿದ್ದು ನೋಡಿ, "ಸಿಸ್ಟರ್, ಇವತ್ತು ಭಾನುವಾರ" ಎಂದು ನೆನಪಿಸಿದಳು. ಕ್ಲೀವ್ ಎದ್ದು ಹಿತ್ತಲ ಕಡೆಗೆ ಕುಂಟುತ್ತ ಹೋದ.

ಸಂಜೆ ಕೊಳೆ ಬಟ್ಟೆ ಹಿಡಿದು ಹಿತ್ತಲ ಕೋಣೆಗೆ ಹೋದಾಗ ವರ್ನೆಲ್‌ಗೆ ಹೊಗೆಸೊಪ್ಪಿನ ವಾಸನೆ ಬಡಿಯಿತು. ಬಟ್ಟೆ ಒಣಗಿಸುವ ಯಂತ್ರ ಖಾಲಿ ತಿರುಗುತ್ತಿತ್ತು. ಅದರ ಬಿಸಿ ನೆತ್ತಿಯ ಮೇಲೆ ಅವಳ ಕೇಕ್ ತಟ್ಟೆ. ತಟ್ಟೆಯ ತುಂಬ, ಸೋಸಿ ಉಳಿದ ಸೊಪ್ಪಿನ ಚರಟ, ತೆಳುವಾಗಿ ಹರವಿ ಒಣಹಾಕಿದ್ದು. ತಾನು ಕಸದ ಬುಟ್ಟಿಗೆ ಹಾಕಲು ಹೇಳಿದ್ದ ಅದೇ ಚರಟ. ಪಕ್ಕದಲ್ಲಿ ಸುರುಳಿ ಸುತ್ತುವ ಕಾಗದ. ಅದರ ಪಕ್ಕದಲ್ಲಿ ಅಂಚು ಮುರಿದ ಸ್ಟೂಲಿನ ಮೇಲೆ ಅವಳ ಗಂಡ.

"ಇನ್ನೂ ಹಚ್ಚಿಲ್ಲ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

"ಹಚ್ಚಿಲ್ಲ! ನಿನಗೊಂದು ಪದಕ ಕೊಡಿಸ್ತೀನಿ. ಬುಧವಾರ ಊದಬೇಕು ನೀನು, ಬುಧವಾರ! ಎಂಜಲು ಸೊಪ್ಪಿಗೆ ಬಾಯಿ ಬಿಡ್ತಿದ್ದೀಯಲ್ಲೋ. ನಾನು ಮೂರು ಹೊತ್ತು ಕುರ್ಚಿ ಹತ್ತಿ ಇಳಿದು, ಕಣ್ಣು ಕಿರಿದು ಮಾಡಿ ಹನಿ ಎಣಿಸಿ, ನಿನ್ನ ಹಾಳು ಕಾರ್ಟನ್ನಿನ ಸಾರಾನೇ ಇಳಿಸಿಕೊಟ್ಟೆ. ಅದೂ ಮಿಠಾಯಿ ಅಂತೀಯ!"

"ಅದು ಮಿಠಾಯಿನೇ ಕಣೇ."

"ಮತ್ತೆ ಅದೇ!"

"ವರ್ನೀ, ಒಂದು ನಿಮಿಷ ಬಾಯಿ ಮುಚ್ಚು." ಅವನ ದನಿ ಏರಲಿಲ್ಲ. "ಆ ಪಾಕ ಹೊಡೀತಿದ್ದವನು ನಾನು. ದೊಡ್ಡ ಪೀಪಾಯಿ ತಿರುಗ್ತಿತ್ತು, ಒಳಗೆ ಎಲೆ. ಸಕ್ಕರೆ, ಕೋಕೋ, ಜೇಷ್ಠಮಧು, ಎಲ್ಲ ಕುದಿಸಿ ನಾನೇ ಎರಚ್ತಿದ್ದೆ. ಮನೆಗೆ ಬಂದರೆ ಮಕ್ಕಳು ನನ್ನ ತೋಳು ನೆಕ್ಕೋರು, ನೆನಪಿದೆಯಾ? ನೀನೇ ನಗ್ತಿದ್ದೆ."

ವರ್ನೆಲ್‌ಗೆ ನೆನಪಿತ್ತು. ಆ ಕಾಲದಲ್ಲಿ ಇಡೀ ಊರೇ ಒಣದ್ರಾಕ್ಷಿ ಕೇಕಿನ ಹಾಗೆ ಘಮಗುಡುತ್ತಿತ್ತು.

"ಅಷ್ಟು ವರ್ಷ ಎರಚಿದವನಿಗೆ ಗೊತ್ತಾಗಲಿಲ್ವಾ?" ಎಂದಳು.

"ಗೊತ್ತಿತ್ತು. ಆದರೆ ಸುಟ್ಟಾಗ ಅದು ಬೇರೆ ಥರ ಆಗತ್ತೆ ಕಣೇ. ನಾನು ಅದನ್ನೇ ಹೊಗೆಸೊಪ್ಪು ಅಂತ ತಿಳ್ಕೊಂಡೆ. ಇಷ್ಟು ದಿನ ನೀನು ಮಾಡಿಕೊಟ್ಟಿದ್ದು ತಪ್ಪಿರಲಿಲ್ಲ. ನನಗೆ ಬೇಕಾಗಿದ್ದು ರುಚಿ ಅಲ್ಲ. ಉರಿ. ಗಂಟಲಲ್ಲಿ ಉರೀಬೇಕು."

"ಉರಿ ಬೇಕಾ? ಬಾ, ನನ್ನ ಹೊಟ್ಟೆ ಉರೀತಿದೆ, ಅದಕ್ಕೇ ಒಂದು ಕೊಳವೆ ಹಾಕ್ಕೊಂಡು ಸೇದು!" ಅವಳ ಸಿಟ್ಟು ಗಂಡನನ್ನು ದಾಟಿ ಎಲ್ಲಿಗೋ ಹೋಗಿತ್ತು. ಕಾಲಿಗೆ ಮುಳುವಾಗುವ ವಿಷವನ್ನು ಪಾಯಸದ ಹಾಗೆ ಕುದಿಸಿ, ಇವನ ಕೈಯಲ್ಲೇ ಎರಚಿಸಿ, ಇವನಿಗೇ ಪುಕ್ಕಟೆ ಉಣಿಸಿ, ವಂದನೆ ಅಂತ ಚಿನ್ನದಲ್ಲಿ ಅಚ್ಚು ಹಾಕಿ ಕಳಿಸಿದವರು ಈಗ ಯಾವ ಸಮುದ್ರ ತೀರದಲ್ಲಿ ಕೂತಿದ್ದಾರೋ. ಅವರ ಕಾಲುಗಳು ನೆಟ್ಟಗಿರುತ್ತವೆ. "ನೋಡು ಕ್ಲೀವ್, ಕಡ್ಡಿಪೆಟ್ಟಿಗೆ ಒಲೆ ಪಕ್ಕ ಇದೆ. ನಾನು ಕಿತ್ಕೊಳಲ್ಲ. ಕಿತ್ಕೊಂಡೂ ಕಿತ್ಕೊಂಡೂ ಸಾಕಾಗಿದೆ. ಹಚ್ಕೊ. ಆದರೆ ನಿನ್ನ ಗಾಲಿಕುರ್ಚಿ ನಾನು ತಳ್ಳಲ್ಲ, ಆ ಕಾರ್ಖಾನೆಯವರನ್ನೇ ಕರೆಸ್ಕೊ."

ಹೊರಗಿನ ಜಗುಲಿಗೆ ಹೋಗಿ ಕೂತಳು. ಕಿವಿಯೆಲ್ಲ ಮನೆಯೊಳಗೇ ಇತ್ತು. ಕಡ್ಡಿ ಗೀರುವ ಸದ್ದಿಗೆ ಕಾದಳು. ಒಣಗಿಸುವ ಯಂತ್ರ ನಿಂತದ್ದು ಕೇಳಿತು. ಆಮೇಲೆ ಹಿತ್ತಲ ಬಾಗಿಲು. ಆಮೇಲೆ ನೀರಿನ ಪೈಪು ಸುಮಾರು ಹೊತ್ತು ಸುರಿಯುವ ಸದ್ದು.

ಕ್ಲೀವ್ ತೊಳೆದ ತಟ್ಟೆಯನ್ನು ತಂದು ಅವಳ ಪಕ್ಕದಲ್ಲಿಟ್ಟ. ಅವನ ಷೂ ನೆನೆದು ಹೋಗಿತ್ತು. "ಏನೂ ಅನ್ನಬೇಡ," ಎಂದ.

"ನಾನು ಅಂದೆನಾ?"

"ನಾಳೆಯಿಂದ ಏನೂ ಹಾಕದೆ ಬೆರೆಸು. ವರ್ಜೀನಿಯಾ ಬೇಡ, ಟರ್ಕಿ ಬೇಡ. ಬರೀ ಗ್ಲಿಸರಿನ್, ನಿಕೋಟಿನ್. ಸುಳ್ಳು ಒಂದು ಹನಿನೂ ಬೇಡ."

"ಸಪ್ಪೆ ಇರತ್ತೆ."

"ಇರಲಿ. ಬೈಯೋಕಾದ್ರೂ ಒಂದು ಬೇಕಲ್ಲ."

ಬೈದ. ಸೋಮವಾರ ಬೈದ, ಮಂಗಳವಾರ ಬೈದ. ಇದು ಹೊಗೆಯಲ್ಲ, ಬಿಸಿನೀರಿನ ಕೆಟಲ್ ಮುಂದೆ ಬಾಯಿ ಬಿಟ್ಟ ಹಾಗಿದೆ ಎಂದ. ಗೋಡೆಗೆ ಗುದ್ದಿದ, ಬೆಕ್ಕಿಗೆ ಗದರಿದ, ತಟ್ಟೆಯಲ್ಲಿದ್ದ ಗ್ರಿಟ್ಸ್ ಗಂಜಿಗೆ ಉಪ್ಪು ಇಲ್ಲವೆಂದು ರೇಗಿದ. ವರ್ನೆಲ್ ಹಲ್ಲು ಕಚ್ಚಿಕೊಂಡು ಬೆರೆಸಿಕೊಟ್ಟಳು.

ಬುಧವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಕುರ್ಚಿಗಳ ಸಾಲು ತುಂಬಿತ್ತು. ವರ್ನೆಲ್ ಮುಖಗಳನ್ನು ನೋಡುತ್ತ ಹೋದಳು, ಅರ್ಧಕ್ಕರ್ಧ ಗುರುತಿನವು. ಪ್ಯಾಕಿಂಗಿನ ಲೋರೀನ್, ಮೂಗಿಗೆ ಆಮ್ಲಜನಕದ ನಳಿಗೆ ಹಾಕಿಕೊಂಡು. ಗೋದಾಮಿನ ಅಣ್ಣತಮ್ಮಂದಿರಿಬ್ಬರು, ಒಬ್ಬನಿಗೆ ಒಂದು ಕಾಲು ಆಗಲೇ ಇಲ್ಲ. ಕಾರ್ಖಾನೆಯ ವಾರ್ಷಿಕ ಊಟಕ್ಕೆ ಬಂದ ಹಾಗಿತ್ತು, ಊಟ ಮಾತ್ರ ಇರಲಿಲ್ಲ. ಕ್ಲೀವ್ ಜೊತೆ ಪೀಪಾಯಿ ತಿರುಗಿಸುತ್ತಿದ್ದ ಪರ್ವಿಸ್ ಒಳಗಿಂದ ಬಂದ. ಟೋಪಿ ಕೈಯಲ್ಲಿತ್ತು.

"ಏನಂದ್ರು ಬ್ರದರ್?" ಎಂದ ಕ್ಲೀವ್.

"ವಾಪಸ್ ಕಳಿಸಿದರು. ಬೆಳಿಗ್ಗೆ ಒಂದೇ ಒಂದು ಸೇದಿದ್ದೆ ಕಣೋ, ಒಂದೇ. ಈ ವೇಪಲ್ಲಿ ಏನಿದೆ ಹೇಳು? ನಮ್ಮ ಸಿಗರೇಟಿನ ರುಚಿ ಎಲ್ಲೂ ಸಿಗಲ್ಲ. ನಿನಗೆ ಸಿಕ್ತಾ?"

"ಸಿಕ್ತು," ಎಂದ ಕ್ಲೀವ್. "ಮಿಠಾಯಿ. ನಾನು ನೀನು ಸೇರಿ ಮಾಡಿದ್ದು. ಹುಡುಕಬೇಡ, ಪರ್ವಿಸ್."

ಪರ್ವಿಸ್ ಏನೋ ಹೇಳಲು ಹೋಗಿ ಕೆಮ್ಮಿದ. ಅಷ್ಟರಲ್ಲಿ ನರ್ಸ್ ಬಾಗಿಲಲ್ಲಿ ನಿಂತು ಪೆಟಿಫರ್ಡ್ ಎಂದು ಕ್ಲೀವ್‌ನ ಮನೆತನದ ಹೆಸರು ಕೂಗಿದಳು. ಕ್ಲೀವ್ ವೇಪನ್ನು ಹೆಂಡತಿಯ ಮಡಿಲಿಗೆ ಹಾಕಿ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಅವನು ಉಸಿರು ಎಳೆದುಕೊಂಡದ್ದು ಕೇಳಿತು, ಆಮೇಲೆ ಊದಿದ್ದು. ಊದುತ್ತಲೇ ಇದ್ದ. ಕಾರಿಡಾರಿನಲ್ಲಿ ಕೂತವರೆಲ್ಲ ಬಾಗಿಲ ಕಡೆ ತಿರುಗಿದರು.

"ಸಾಕು ಯಜಮಾನರೇ," ಎಂದಿತು ನರ್ಸಿನ ದನಿ. "ಅಯ್ಯೋ, ಸಾಕು ಬಿಡಿ, ಯಂತ್ರ ಮುರಿದೀತು. ಚೆನ್ನಾಗಿದೆ. ಶುಕ್ರವಾರ ಬೆಳಿಗ್ಗೆ ಆಪರೇಷನ್, ಏನೂ ತಿನ್ನದೆ ಬನ್ನಿ."

ಕ್ಲೀವ್ ಇನ್ನೂ ಊದುತ್ತಿದ್ದ.